ಒಂದು ಕುದುರೆಯ ಬಂಡವಾಳ: ನಿಕಿತಿನ್ ಕಂಡ ಬೀದರ ಪೇಟೆ

ಒಂದು ನಗರದ ವಾಣಿಜ್ಯ ಸ್ಥಿತಿಯನ್ನು ಅಳೆಯುವಾಗ ನಾವು ಸಾಮಾನ್ಯವಾಗಿ ಅಲ್ಲಿನ ದೊಡ್ಡ ವರ್ತಕರ ವಹಿವಾಟನ್ನೂ ಗೋದಾಮುಗಳ ಸಾಲನ್ನೂ ಗಮನಿಸುತ್ತೇವೆ. ಆದರೆ ಅಲ್ಪ ಹಣದೊಡನೆ ಮೊದಲ ಸಲ ಬಂದಿಳಿದ ಪರಸ್ಥಳದ ವ್ಯಾಪಾರಿಯ ಕಣ್ಣಿಗೆ ಬೀಳುವ ಪೇಟೆಯೇ ಬೇರೆ. ಎಲ್ಲಿ ತಂಗಬೇಕು, ಯಾರ ಮಾತನ್ನು ನಂಬಬೇಕು, ಕೈಯಲ್ಲಿರುವ ಸರಕು ಮಾರಾಟವಾಗುವವರೆಗೆ ದಿನದ ಖರ್ಚು ಎಷ್ಟು ಎಂಬುದೇ ಅವನ ಮೊದಲ ಲೆಕ್ಕ. ಇಂತಹ ಲೆಕ್ಕವನ್ನು ಬರೆದಿಟ್ಟವರು ವಿರಳ. ನಮ್ಮ ಸುದೈವದಿಂದ ಐದೂವರೆ ಶತಮಾನಗಳ ಹಿಂದಿನ ಅಂತಹ ಒಂದು ಬರಹ ಉಳಿದು ಬಂದಿದೆ. ಅದೂ ನಮ್ಮದೇ ಬೀದರದ ಬಗ್ಗೆ.

ಅದನ್ನು ಬರೆದವನು ರಷ್ಯದ ತ್ವೇರ್ ನಗರದ ವರ್ತಕ ಅಫನಾಸಿ ನಿಕಿತಿನ್. ಅವನ ಕೃತಿ ‘ಮೂರು ಸಮುದ್ರಗಳಾಚೆಯ ಪಯಣ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಅವನು ಭಾರತಕ್ಕೆ ಬರಬೇಕೆಂದೇ ಹೊರಟವನಲ್ಲ. ವೋಲ್ಗಾ ನದಿಯ ಮೂಲಕ ಸರಕು ಸಾಗಿಸುತ್ತಿದ್ದಾಗ ಅಸ್ತ್ರಾಖಾನ್ ಬಳಿ ಹಡಗುಗಳು ಲೂಟಿಯಾದವು. ಊರಿನಲ್ಲಿ ಆಸ್ತಿ ಇದ್ದವರು ಊರಿಗೆ ಮರಳಿದರು, ಸಾಲ ಇದ್ದವರು ಕಣ್ಣು ಹಾಯ್ದ ಕಡೆಗೆ ನಡೆದರು ಎಂಬರ್ಥದ ಮಾತನ್ನು ಅವನು ಬರೆದಿದ್ದಾನೆ. ನಿಕಿತಿನ್ ಬಾಕು, ಪರ್ಷಿಯಾ, ಹೊರ್ಮುಜ್ ಮಾರ್ಗವಾಗಿ ಕೊಂಕಣ ತೀರದ ಚೌಲ್ ಬಂದರಿಗೆ ಬಂದಿಳಿದನು. ಆಗ ಅವನ ಬಂಡವಾಳವೆಂದರೆ ಒಂದು ಗಂಡು ಕುದುರೆ.

ಸರಕಿನ ಆಯ್ಕೆಯಲ್ಲಿ ದೋಷವಿರಲಿಲ್ಲ. ದಖ್ಖನದಲ್ಲಿ ಒಳ್ಳೆಯ ಕುದುರೆಗಳು ಹುಟ್ಟುವುದಿಲ್ಲ, ಎತ್ತು ಎಮ್ಮೆಗಳು ಮಾತ್ರ ಹುಟ್ಟುತ್ತವೆ ಎಂಬುದನ್ನು ಅವನು ಗಮನಿಸಿದ್ದಾನೆ. ಬಹಮನಿ ಸೈನ್ಯಕ್ಕೆ ಕುದುರೆಗಳು ಸಮುದ್ರ ದಾಟಿಯೇ ಬರಬೇಕಾಗಿತ್ತು. ಆದುದರಿಂದ ಬೇಡಿಕೆ ನಿಶ್ಚಿತವಾಗಿತ್ತು. ಆದರೆ ಕುದುರೆ ಎಂಬುದು ದಿನವೂ ತಿನ್ನುವ ದಾಸ್ತಾನು. ಜುನ್ನರ್ ತಲುಪುವಷ್ಟರಲ್ಲಿ ಅದಕ್ಕೆ ನೂರು ರೂಬಲ್ ಖರ್ಚಾಗಿತ್ತು. ಅಷ್ಟರಲ್ಲಿ ಮಳೆಗಾಲ ಹಿಡಿಯಿತು. ಹಗಲಿರುಳು ಎಲ್ಲೆಲ್ಲೂ ನೀರು ಮತ್ತು ಕೆಸರು ಎಂದು ಬರೆಯುವ ನಿಕಿತಿನ್, ಇಲ್ಲಿ ಕುದುರೆಗಳಿಗೆ ಕಾಳು ಬೇಯಿಸಿ ಹಾಕುವುದನ್ನೂ ಕಿಚಡಿ ಮಾಡಿ ತಿನ್ನಿಸುವುದನ್ನೂ ಸೂಕ್ಷ್ಮವಾಗಿ ದಾಖಲಿಸಿದ್ದಾನೆ. ಮೇವಿನ ಹಣ ತನ್ನ ಕಿಸೆಯಿಂದಲೇ ಹೋಗುವಾಗ ಮನುಷ್ಯ ಇಂತಹ ವಿವರಗಳನ್ನು ಮರೆಯುವುದಿಲ್ಲ.

ಜುನ್ನರ್‌ನಲ್ಲಿ ಇನ್ನೊಂದು ವಿಪತ್ತು ಕಾದಿತ್ತು. ಅವನು ಮುಸಲ್ಮಾನನಲ್ಲ, ರಷ್ಯದವನು ಎಂದು ತಿಳಿದ ಅಲ್ಲಿನ ಅಧಿಕಾರಿ ಅಸದ್ ಖಾನ್ ಕುದುರೆಯನ್ನೇ ವಶಪಡಿಸಿಕೊಂಡನು. ಮತಾಂತರವಾದರೆ ಕುದುರೆಯ ಜೊತೆಗೆ ಸಾವಿರ ಹೊನ್ನು, ಇಲ್ಲವಾದರೆ ಕುದುರೆ ಹೋಗುವುದಲ್ಲದೆ ಸಾವಿರ ಹೊನ್ನಿನ ದಂಡ. ವಿಚಾರಕ್ಕೆ ನಾಲ್ಕು ದಿನಗಳ ಗಡುವು. ಕೊನೆಗೆ ಖೊರಾಸಾನಿನ ಮಹಮ್ಮದ್ ಎಂಬ ಗಣ್ಯನು ಮಧ್ಯಸ್ಥಿಕೆ ವಹಿಸಿ ಖಾನನನ್ನು ಒಪ್ಪಿಸಿದನು. ಕುದುರೆ ಮರಳಿ ಬಂದಿತು. ಒಬ್ಬನ ಇಡೀ ಬಂಡವಾಳ ಒಬ್ಬ ಅಧಿಕಾರಿಯ ಮನಸ್ಸಿನ ಮೇಲೆ ನಿಂತಿರುವಾಗ ಪೇಟೆಯ ದರ ಎಷ್ಟೇ ಉತ್ತಮವಾಗಿದ್ದರೂ ಪ್ರಯೋಜನವೇನು? ಪರಸ್ಥಳದ ವರ್ತಕರ ಪರವಾಗಿ ಮಾತನಾಡುವ ಸಂಸ್ಥೆಗಳು ಏಕೆ ಬೇಕು ಎಂದು ಕೇಳುವ ಸದಸ್ಯರು ಈ ಪ್ರಸಂಗವನ್ನು ನೆನೆಯಬಹುದು. ನಿಕಿತಿನ್‌ಗೆ ದೊರೆತದ್ದು ಸಂಸ್ಥೆಯಲ್ಲ, ಆಕಸ್ಮಿಕವಾಗಿ ಸಿಕ್ಕ ಒಬ್ಬ ಸಹೃದಯಿ.

ಆಗಸ್ಟ್ ತಿಂಗಳ ಮಧ್ಯದಲ್ಲಿ ಜುನ್ನರ್ ಬಿಟ್ಟ ಅವನು ಒಂದು ತಿಂಗಳ ಪ್ರಯಾಣದ ನಂತರ ಬೀದರ ಸೇರಿದನು. ಆ ನಗರದ ಮೊದಲ ನೋಟ ಜನಸಂದಣಿಯದು. ನಾಡು ಜನರಿಂದ ತುಂಬಿದೆ. ಹಳ್ಳಿಗರು ಕಡುಬಡವರು, ಸರದಾರರು ಮಹಾ ವೈಭವಶಾಲಿಗಳು ಎಂಬುದು ಅವನ ತೀರ್ಮಾನ. ಬೆಳ್ಳಿಯ ಪಲ್ಲಕ್ಕಿ, ಮುಂದೆ ಚಿನ್ನದ ಸಜ್ಜಿನ 20 ಕುದುರೆ, ಹಿಂದೆ 300 ಸವಾರರು, 500 ಕಾಲಾಳುಗಳು, ಕಹಳೆಯವರು ಹತ್ತು, ನಗಾರಿಯವರು ಹತ್ತು, ಕೊಳಲಿನವರು ಹತ್ತು. ಎಣಿಸುವುದು ವರ್ತಕನ ಅಭ್ಯಾಸವಷ್ಟೆ! ಸುಲ್ತಾನನ ಅರಮನೆಗೆ ಏಳು ಬಾಗಿಲುಗಳು. ಪ್ರತಿ ಬಾಗಿಲಲ್ಲಿ ನೂರು ಕಾವಲುಗಾರರು ಮತ್ತು ನೂರು ಲೇಖಕರು. ಒಳಗೆ ಹೋದವರನ್ನೂ ಹೊರಗೆ ಬಂದವರನ್ನೂ ಬರೆದುಕೊಳ್ಳುವುದೇ ಈ ಲೇಖಕರ ಕೆಲಸ. ಪರದೇಶಿಗಳಿಗೆ ಪ್ರವೇಶವಿರಲಿಲ್ಲ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬರುವ ಮುನ್ನ ಮಹಾರಾಷ್ಟ್ರದ ಗಡಿಯ ತಪಾಸಣಾ ಠಾಣೆಗಳಲ್ಲಿ ಲಾರಿ ನಿಲ್ಲಿಸಿಕೊಂಡು ಕಾದಿದ್ದ ನಮ್ಮ ಸದಸ್ಯರಿಗೆ ಈ ನೂರು ಲೇಖಕರ ಚಿತ್ರವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಗದ್ದಲದ ಪೇಟೆಯಲ್ಲಿ ಅವನಿಗೆ ದೊರೆತದ್ದೇನು? ಲೇಖನದ ಮುಖ್ಯ ವಿಷಯ ಇದೇ. ಕುದುರೆಯನ್ನು ಕ್ರಿಸ್‌ಮಸ್ ಹೊತ್ತಿಗೆ ಬೀದರದಲ್ಲಿ ಮಾರಿದನು. ಒಂದು ವರ್ಷ ಸಾಕಿದ್ದಕ್ಕೆ, ‘ಫುತೂನ್’ ಎಂದು ಅವನು ಕರೆಯುವ ನಾಣ್ಯದಲ್ಲಿ, 68 ಖರ್ಚಾಯಿತು ಎಂದು ಲೆಕ್ಕ ಬರೆದಿದ್ದಾನೆ. ಮಾರಾಟವೇನೋ ಆಯಿತು, ಮರಳಿ ಒಯ್ಯಲು ಸರಕಿಲ್ಲ. ರಷ್ಯಕ್ಕೆ ಬೇಕಾದದ್ದೆಲ್ಲ ಅಲ್ಲಿ ಹೇರಳವಾಗಿದೆ ಎಂದು ದಾರಿಯಲ್ಲಿ ಹೇಳಿದವರು ಸುಳ್ಳು ಹೇಳಿದರು ಎಂದು ಅವನು ಕಟುವಾಗಿ ದೂರುತ್ತಾನೆ. ಬೀದರದಲ್ಲಿ ಕುದುರೆ, ರೇಷ್ಮೆ, ಜರತಾರಿ ಬಟ್ಟೆಗಳ ವ್ಯಾಪಾರವಿತ್ತು, ಗುಲಾಮರನ್ನೂ ಮಾರುತ್ತಿದ್ದರು. ಅವನ ನಾಡಿಗೆ ಹೊಂದುವ ಸರಕು ಮಾತ್ರ ಇರಲಿಲ್ಲ. ಮೆಣಸು ಮತ್ತು ಬಣ್ಣ ಅಗ್ಗವಾಗಿದ್ದವು, ನಿಜ. ಆದರೆ ಸುಂಕ ಭಾರಿ, ಸಮುದ್ರದಲ್ಲಿ ಕಳ್ಳರ ಕಾಟ; ಎರಡನ್ನೂ ಕೂಡಿಸಿದರೆ ಅಗ್ಗದ ಮಾಲು ಅಗ್ಗವಾಗಿ ಉಳಿಯುತ್ತಿರಲಿಲ್ಲ.

ನಮ್ಮ ಭಾಗದ ಲಾರಿ ಮಾಲೀಕರ ಭಾಷೆಯಲ್ಲಿ ಇದು ರಿಟರ್ನ್ ಲೋಡ್ ಸಿಗದ ಟ್ರಿಪ್. ಹುಮನಾಬಾದದಿಂದ ಮುಂಬೈಗೆ ಮಾಲು ಇಳಿಸಿ ಖಾಲಿ ಗಾಡಿ ತರುವವನ ಲಾಭ ಡೀಸೆಲ್‌ನಲ್ಲಿಯೇ ಕರಗುತ್ತದೆ. ಜನಸಂದಣಿಯನ್ನು ಕಂಡು ಮಾರುಕಟ್ಟೆ ಎಂದು ತಿಳಿಯುವುದು ಸುಲಭ; ಆ ಸಂದಣಿಯಲ್ಲಿ ತನ್ನ ಸರಕನ್ನು ಕೊಳ್ಳುವವರು ಎಷ್ಟು, ತಾನು ಕೊಳ್ಳಬಹುದಾದದ್ದು ಎಷ್ಟು ಎಂಬ ಎರಡು ಅಂಕಿಗಳಿಲ್ಲದೆ ಹೊರಟವನು ನಿಕಿತಿನ್‌ನ ಸ್ಥಿತಿಯಲ್ಲಿರುತ್ತಾನೆ. ಇಂದು ದರ ತಿಳಿಯಲು ಕೈಯಲ್ಲಿಯೇ ಫೋನ್ ಇದೆ. ಆದರೂ ಹೈದರಾಬಾದ್ ಪೇಟೆಗೆ ಮೊದಲ ಸಲ ಮಾಲು ಒಯ್ಯುವ ನಾರಾಯಣಪುರದ ಸಣ್ಣ ತಯಾರಕನು ದರಕ್ಕಿಂತ ಮುಂಚೆ ವಿಚಾರಿಸಬೇಕಾದದ್ದು, ಮಾಲು ಮಾರಾಟವಾಗದೆ ನಿಂತರೆ ಅದನ್ನು ಎಲ್ಲಿ, ಯಾವ ಬಾಡಿಗೆಗೆ ಇರಿಸಬೇಕು ಎಂಬುದನ್ನು.

ಬೀದರ ಅವನಿಗೆ ಕೊಟ್ಟದ್ದು ಏನೂ ಇಲ್ಲವೆಂದು ಹೇಳಲಾಗದು. ಅವನು ಖೋಜಾ ಯೂಸುಫ್ ಖೊರಾಸಾನಿ ಎಂಬ ಹೆಸರಿನಿಂದ ತಿರುಗಾಡುತ್ತಿದ್ದನು. ತಾನು ಮುಸಲ್ಮಾನನಲ್ಲ, ಕ್ರೈಸ್ತನು ಎಂದು ಅಲ್ಲಿನ ಹಿಂದೂಗಳಿಗೆ ತಿಳಿಸಿದ ಬಳಿಕ ಅವರು ತಮ್ಮ ಊಟವನ್ನಾಗಲಿ, ವ್ಯಾಪಾರವನ್ನಾಗಲಿ, ಪೂಜೆಯನ್ನಾಗಲಿ ಅವನಿಂದ ಮುಚ್ಚಿಡಲಿಲ್ಲ. ಪ್ರಯಾಣದಲ್ಲಿ ಪ್ರತಿಯೊಬ್ಬರೂ ತಮ್ಮದೇ ಗಡಿಗೆ ಒಯ್ದು ಅಡುಗೆ ಮಾಡಿಕೊಳ್ಳುವುದನ್ನು ಅವನು ಕಂಡನು. ಅವರೊಡನೆಯೇ ಶ್ರೀಪರ್ವತದ, ಅಂದರೆ ಶ್ರೀಶೈಲದ, ಜಾತ್ರೆಗೂ ಹೋಗಿಬಂದನು.

ನಮಗೆ ಇನ್ನೂ ಹತ್ತಿರದ ಸಂಗತಿ ಆಳಂದದ್ದು. ಬೀದರದಿಂದ 12 ‘ಕೋವ್’ ದೂರದಲ್ಲಿ ಶೇಖ್ ಅಲಾವುದ್ದೀನರ ಸ್ಮರಣೆಯಲ್ಲಿ ವರ್ಷಕ್ಕೊಮ್ಮೆ ಹತ್ತು ದಿನ ಸಂತೆ ನೆರೆಯುತ್ತದೆ, ಮಾರಾಟಕ್ಕೆ 20,000 ಕುದುರೆಗಳು ಬರುತ್ತವೆ, ಹಿಂದೂಸ್ಥಾನದಲ್ಲಿ ಇದಕ್ಕಿಂತ ಉತ್ತಮ ಸಂತೆಯಿಲ್ಲ ಎಂದು ಅವನು ಬರೆಯುತ್ತಾನೆ. ಅಂಕಿ ಕೇಳಿದ ಮಾತಿರಬಹುದು. ಸಂತೆಯ ಹಿರಿಮೆಯಲ್ಲಿ ಸಂದೇಹವಿಲ್ಲ. ನಕ್ಷೆಯಲ್ಲಿ ಬೀದರದಿಂದ ಆಳಂದಕ್ಕೆ ನೇರ ಗೆರೆ ಎಳೆದರೆ ಅದು ಹುಮನಾಬಾದದ ಮೇಲೆಯೇ ಹಾಯುತ್ತದೆ. ಬಸವಕಲ್ಯಾಣವೂ ನಾರಾಯಣಪುರವೂ ಆ ಗೆರೆಯ ಉತ್ತರಕ್ಕೆ ಸ್ವಲ್ಪ ದೂರದಲ್ಲಿವೆ. ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣದ ವೈಭವ ಆ ವೇಳೆಗೆ ಇಳಿದಿತ್ತು. ನಿಕಿತಿನ್ ಅದನ್ನು ಹೆಸರಿಸುವುದಿಲ್ಲ. ದೊಡ್ಡ ಸಂತೆಯ ದಾರಿಯ ಪಕ್ಕದಲ್ಲಿದ್ದೂ ಪ್ರಯಾಣಿಕನ ಪುಸ್ತಕದಲ್ಲಿ ಒಂದು ಸಾಲು ಪಡೆಯದ ಊರುಗಳು ನಮ್ಮವು. ಇಂದು ಪುಣೆ–ಹೈದರಾಬಾದ್ ಹೆದ್ದಾರಿ ಈ ಭಾಗದಲ್ಲಿಯೇ ಸಾಗುತ್ತದೆ. ಬೀದರ–ಕಲಬುರಗಿ ರೈಲು ಮಾರ್ಗ 2017ರಲ್ಲಿ ಹುಮನಾಬಾದದ ಮೂಲಕ ಪೂರ್ಣಗೊಂಡಿದೆ. ಬೆಳಗಿನ ಜಾವ ಬಸ್ಸಿನಿಂದಿಳಿದು ಚೀಲ ಹಿಡಿದು ನಿಂತ ಪರಸ್ಥಳದ ಸಣ್ಣ ಖರೀದಿದಾರನಿಗೆ ಶುಚಿಯಾದ, ಕೈಗೆಟುಕುವ ವಸತಿ ಎಲ್ಲಿದೆ, ಯಾವ ಮಾಲಿಗೆ ಯಾವ ಅಂಗಡಿ ಎಂದು ತಿಳಿಸುವ ಒಂದು ಫಲಕವನ್ನು ನಿಲ್ದಾಣದಲ್ಲಿ ನಿಲ್ಲಿಸಲು ಎಷ್ಟು ಖರ್ಚಾದೀತು ಎಂಬುದನ್ನು ಸ್ಥಳೀಯ ವರ್ತಕರ ಸಂಘಗಳು ಲೆಕ್ಕ ಹಾಕಿ ನೋಡಬೇಕು.

ನಿಕಿತಿನ್ ದಾಭೋಲ್ ಬಂದರಿನಿಂದ ಹಡಗು ಹತ್ತಿ, ಹೊರ್ಮುಜ್ ಮತ್ತು ಕಪ್ಪು ಸಮುದ್ರದ ದಾರಿಯಾಗಿ ಹೊರಟು, ಸ್ಮೊಲೆನ್ಸ್ಕ್ ನಗರ ತಲುಪುವ ಮೊದಲೇ ತೀರಿಕೊಂಡನು. ಅವನ ಟಿಪ್ಪಣಿ ಪುಸ್ತಕಗಳನ್ನು ಮಾಸ್ಕೋಗೆ ಒಯ್ದು ಸರ್ಕಾರಿ ಲೇಖಕನ ಕೈಗೆ ಒಪ್ಪಿಸಿದವರೂ ವರ್ತಕರೇ.