ಫೈಲಿನ ಪೂರ್ತಿ ಹೆಸರು ಕಾಣಲಿ
ಬನಹಟ್ಟಿಯ ಸೀರೆ ಮಳಿಗೆಯಲ್ಲಿ ಲೆಕ್ಕ ಬರೆಯುವ ಸೋದರಿಯವರೇ, ‘ನೂಲಿನ ಲೆಕ್ಕ’ ಎಂಬ ಒಂದೇ ಹೆಸರಿನ ಎರಡು ಫೈಲ್ ಕಾಣುತ್ತಿರುವುದು ಕಂಪ್ಯೂಟರಿನ ದೋಷವಲ್ಲ. ಹೆಸರಿನ ಕೊನೆಯ ಭಾಗವನ್ನು ವಿಂಡೋಸ್ ಮೊದಲಿನಿಂದಲೇ ಮುಚ್ಚಿಟ್ಟಿರುತ್ತದೆ. ವಿಂಡೋಸ್ 11ರಲ್ಲಿ ಯಾವುದಾದರೂ ಫೋಲ್ಡರ್ ತೆರೆದು ‘ವ್ಯೂ’, ‘ಶೋ’, ಅದರೊಳಗೆ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಒತ್ತಿ. ಆಗ ಒಂದು ‘.ಎಕ್ಸ್‌ಎಲ್‌ಎಸ್‌ಎಕ್ಸ್’, ಇನ್ನೊಂದು ‘.ಸಿಎಸ್‌ವಿ’ ಎಂದು ಕಂಡೀತು. ಸಿಎಸ್‌ವಿಯಲ್ಲಿ ಉಳಿಸಿದರೆ ಒಂದೇ ಹಾಳೆ ಉಳಿಯುತ್ತದೆ, ಸೂತ್ರಗಳೆಲ್ಲ ಅಳಿಯುತ್ತವೆ. ನೇಕಾರರ ಮಜೂರಿ ಲೆಕ್ಕಕ್ಕೆ ಅದು ಬೇಡವೇ ಬೇಡ. ಹಾಗೆಂದು ಹೆಸರಿನ ಕೊನೆಯನ್ನು ಕೈಯಿಂದ ತಿದ್ದಬೇಡಿ, ಒಳಗಿನ ರೂಪ ಬದಲಾಗುವುದಿಲ್ಲ. ರೂಪ ಬದಲಿಸಲು ‘ಸೇವ್ ಆ್ಯಸ್’ ಬಳಸಿ. ಪೂರ್ತಿ ಹೆಸರು ಕಂಡರೆ ಮೋಸವೂ ತಿಳಿಯುತ್ತದೆ: ಅಪರಿಚಿತರು ಕಳಿಸಿದ ‘ಬಿಲ್.ಎಕ್ಸ್‌ಎಲ್‌ಎಸ್‌ಎಕ್ಸ್’ ಕೊನೆಗೆ ‘.ಇಎಕ್ಸ್‌ಇ’ ಎಂದು ಮುಗಿದಿದ್ದರೆ ಅದು ಲೆಕ್ಕದ ಹಾಳೆಯೇ ಅಲ್ಲ. ದಯವಿಟ್ಟು ತೆರೆಯದೆ ಅಳಿಸಿಬಿಡಿ.