ಲೋಳೆಸರ: ಸತ್ವ ಸಿಪ್ಪೆಯಲ್ಲಿ, ಬೇಡಿಕೆ ಲೋಳೆಗೆ

ಲೋಳೆಸರದ ಬಲಿತ ಎಲೆಯೊಂದನ್ನು ಬುಡದಲ್ಲಿ ಕೊಯ್ದು, ಕೊಯ್ದ ಬಾಯಿ ಕೆಳಗಾಗುವಂತೆ ಪಾತ್ರೆಯೊಳಗೆ ಒರಗಿಸಿಡಿ. ಹಸಿರು ಸಿಪ್ಪೆಯ ಒಳಅಂಚಿನಿಂದ ಕಹಿಯಾದ ಹಳದಿ ರಸ ಜಿನುಗುತ್ತದೆ. ನಡುವಿನ ಲೋಳೆ ಮಾತ್ರ ತಿಳಿಯಾಗಿಯೇ ಇರುತ್ತದೆ. ಇವೆರಡೂ ಬೇರೆ ಬೇರೆ ಸರಕು, ಕೊಳ್ಳುವವರೂ ಬೇರೆ.

ಲೋಳೆಯಲ್ಲಿ ಶೇ. 98ಕ್ಕೂ ಹೆಚ್ಚು ನೀರೇ. ಉಳಿದದ್ದರಲ್ಲಿ ಮುಖ್ಯವಾದದ್ದು ಅಸಿಮ್ಯಾನಾನ್ ಎಂಬ ಪಾಲಿಸ್ಯಾಕರೈಡ್. ಆ್ಯಂಟಿಆಕ್ಸಿಡೆಂಟ್ ಗುಣವಿರುವ ಫೀನಾಲಿಕ್ ಸಂಯುಕ್ತಗಳು, ಅಂದರೆ ಅಲೋಯಿನ್, ಅಲೋಸಿನ್, ಅಲೋ-ಇಮೋಡಿನ್, ಫ್ಲೇವನಾಯ್ಡ್‌ಗಳು, ಹೆಚ್ಚಾಗಿ ಇರುವುದು ಸಿಪ್ಪೆಯಲ್ಲಿ ಮತ್ತು ಅದರಡಿಯ ಹಳದಿ ರಸದಲ್ಲಿ. ಹಾಗಾಗಿ ಜೆಲ್ ಬಾಟಲಿಯ ಮೇಲಿನ ‘ಆ್ಯಂಟಿಆಕ್ಸಿಡೆಂಟ್ ಭರಿತ’ ಎಂಬ ಬರಹವನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ಹಾಗಂತ ಸಿಪ್ಪೆ ಸಮೇತ ಅರೆದು ಕುಡಿಯಲು ಹೋಗಬೇಡಿ. ಅಲೋಯಿನ್ ಬಲವಾದ ಭೇದಿ ಮದ್ದು, ಗರ್ಭಿಣಿಯರಿಗಂತೂ ಸಲ್ಲದು. ಅಮೆರಿಕದಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರುತ್ತಿದ್ದ ಅಲೋ ಭೇದಿ ಮಾತ್ರೆಗಳಿಗೆ 2002ರಲ್ಲೇ ತಡೆ ಬಿತ್ತು. ಇಡೀ ಎಲೆಯ ಸಾರವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ‘ಕ್ಯಾನ್ಸರ್‌ಕಾರಕ ಆಗಿರಬಹುದು’ ಎಂಬ ಗುಂಪಿನಲ್ಲಿ ಇಟ್ಟಿದೆ. ಕುಡಿಯುವ ರಸದಲ್ಲಿ ಅಲೋಯಿನ್ 10 ಪಿಪಿಎಂ ಮೀರಬಾರದೆಂದು ಉದ್ಯಮವೇ ಮಿತಿ ಹಾಕಿಕೊಂಡಿರುವುದೂ ಇದೇ ಕಾರಣಕ್ಕೆ.

ಜಾತಿ ಬದಲಾದರೆ ಈ ಲೆಕ್ಕವೂ ಬದಲಾಗುತ್ತದೆ. ನಮ್ಮಲ್ಲಿ ಬೆಳೆಯುವ ಅಲೋವೆರಾದ ಎಲೆ ದಪ್ಪ, ಲೋಳೆ ಧಾರಾಳ. ಜಪಾನಿನ ಮನೆಮದ್ದಿನ ಅಲೋ ಆರ್ಬೊರೆಸೆನ್ಸ್‌ನ ಎಲೆ ತೆಳು. ಲೋಳೆ ಕಡಿಮೆ, ಸಿಪ್ಪೆಯ ಪಾಲು ಹೆಚ್ಚು, ಆದ್ದರಿಂದ ತೂಕಕ್ಕೆ ತಕ್ಕಂತೆ ಫೀನಾಲಿಕ್ ಅಂಶವೂ ಹೆಚ್ಚು. ದಕ್ಷಿಣ ಆಫ್ರಿಕಾದ ಅಲೋ ಫೆರಾಕ್ಸ್ ಹೆಸರು ಮಾಡಿರುವುದೇ ಹಳದಿ ರಸಕ್ಕೆ. ಅಲ್ಲಿ ನೆಲದಲ್ಲಿ ಆಳವಿಲ್ಲದ ಗುಂಡಿ ತೋಡಿ, ಪ್ಲಾಸ್ಟಿಕ್ ಹಾಸಿ, ಎಲೆಗಳ ಕೊಯ್ದ ತುದಿ ಒಳಮುಖವಾಗುವಂತೆ ಸುತ್ತಲೂ ಪೇರಿಸುತ್ತಾರೆ. ಇಳಿದ ರಸವನ್ನು ಕುದಿಸಿ ಇಂಗಿಸಿದರೆ ಕಪ್ಪು ಗಟ್ಟಿ ಆಗುತ್ತದೆ. ನಮ್ಮ ಗ್ರಂಧಿಗೆ ಅಂಗಡಿಯ ಕರಿಬೋಳವೂ ಲೋಳೆಸರದ ಒಣಗಿಸಿದ ರಸವೇ. ಎಳೆ ಗಿಡದ ಎಲೆಯಲ್ಲಿ ಬಿಳಿ ಚುಕ್ಕೆ ಕಂಡು ‘ಇದು ವಿಷದ ಜಾತಿ’ ಎನ್ನುವವರಿದ್ದಾರೆ. ಅಲೋವೆರಾದ ಮರಿಗಳಲ್ಲಿ ಆ ಚುಕ್ಕೆ ಸಹಜ.

ಜೆಲ್‌ಗಾಗಿ ಬೆಳೆಯುವವರು ಹೊರಸುತ್ತಿನ ಬಲಿತ ಎಲೆಗಳನ್ನಷ್ಟೇ ಕೊಯ್ಯಬೇಕು. ಅಲೋಯಿನ್ ಸಾಂದ್ರವಾಗಿರುವುದು ಎಳೆ ಎಲೆಗಳಲ್ಲಿ. ಕೊಯ್ದ ಮೇಲೆ ರಸ ಪೂರ್ತಿ ಇಳಿಯಲು ಬಿಟ್ಟು, ತೊಳೆದು, ನಂತರ ಸಿಪ್ಪೆ ತೆಗೆಯಿರಿ. ಬಿಸಿಲಲ್ಲಿ ರಾಶಿ ಹಾಕಿದರೆ ಅಸಿಮ್ಯಾನಾನ್ ಒಡೆದು ಲೋಳೆ ನೀರಾಗುತ್ತದೆ, ಸಂಸ್ಕರಣಾ ಘಟಕದವರು ಅಂಥ ಮಾಲನ್ನು ತಿರಸ್ಕರಿಸುತ್ತಾರೆ. ಬೇಸಿಗೆಯಲ್ಲಿ ಎಲೆ ಕೆಂಪು ಕಂದು ಬಣ್ಣಕ್ಕೆ ತಿರುಗಿದರೆ ಗಾಬರಿಯಾಗಿ ಔಷಧ ಹೊಡೆಯಬೇಡಿ. ಅದು ಹೆಚ್ಚಾಗಿ ಬಿಸಿಲಿನ ತಾಪ ಅಥವಾ ನೀರಿನ ಕೊರತೆಯ ಗುರುತು. ಗಿಡ ಸಾಯುವುದು ನೀರು ನಿಂತಾಗ: ಬುಡ ಮೆತ್ತಗಾಗಿ, ವಾಸನೆ ಬಂದು ಕೊಳೆಯುತ್ತದೆ. ಕಪ್ಪು ಮಣ್ಣಿನವರು ಏರುಮಡಿ ಮಾಡಿಯೇ ಮರಿ ನೆಡಬೇಕು.

ಮರಿ ಮಾರುವವರು ‘ಎಲೆಯನ್ನೂ ನಾವೇ ಕೊಳ್ಳುತ್ತೇವೆ’ ಎಂದರೆ ಯಾವ ಭಾಗಕ್ಕೆ, ಯಾವ ದರಕ್ಕೆ, ಸಾಗಣೆ ಯಾರದು ಎಂಬುದನ್ನು ಕಾಗದದ ಮೇಲೆ ಬರೆಸಿಕೊಂಡ ಮೇಲೆಯೇ ಮುಂಗಡ ಕೊಡಿ.