ವ್ಯಕ್ತಿತ್ವ, ಲಿಂಗಭೇದ ಮತ್ತು ಶೈಕ್ಷಣಿಕ ಸಾಧನೆ

ವ್ಯಕ್ತಿತ್ವವನ್ನು ಮುಕ್ತತೆ, ಕರ್ತವ್ಯಪ್ರಜ್ಞೆ, ಬಹಿರ್ಮುಖತೆ, ಸೌಹಾರ್ದ ಹಾಗೂ ಭಾವನಾತ್ಮಕ ಅಸ್ಥಿರತೆ ಎಂಬ ಐದು ಗುಣಗಳಲ್ಲಿ ಅಳೆಯುವ ಪಂಚಗುಣ ಮಾದರಿಯಲ್ಲಿ, ಶೈಕ್ಷಣಿಕ ಸಾಧನೆಯೊಡನೆ ಅತ್ಯಂತ ಸ್ಥಿರ ಸಂಬಂಧವಿರುವುದು ಕರ್ತವ್ಯಪ್ರಜ್ಞೆಗೆ, ಅಂದರೆ ಕೆಲಸವನ್ನು ಯೋಜಿಸಿ, ಮನಸ್ಸನ್ನು ಹಿಡಿತದಲ್ಲಿಟ್ಟು, ಹೊತ್ತಿಗೆ ಸರಿಯಾಗಿ ಮುಗಿಸುವ ಪ್ರವೃತ್ತಿಗೆ. ಹಲವು ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದ ಪೊರೊಪಾಟ್ ಅವರ 2009ರ ವಿಶ್ಲೇಷಣೆಯು ಈ ಸಂಬಂಧ ಬಹುಮಟ್ಟಿಗೆ ಬುದ್ಧಿಶಕ್ತಿಯನ್ನು ಅವಲಂಬಿಸಿಲ್ಲವೆಂದು ತೋರಿಸಿತು. ಅಮೆರಿಕದ ಎಂಟನೇ ತರಗತಿಯ ಮಕ್ಕಳನ್ನು ಅಧ್ಯಯನ ಮಾಡಿದ ಡಕ್‌ವರ್ತ್ ಮತ್ತು ಸೆಲಿಗ್ಮನ್, ಬುದ್ಧಿಮಾಪನ ಪರೀಕ್ಷೆಯಲ್ಲಿ ಮುಂದಿರದ ಹುಡುಗಿಯರು ತರಗತಿಯ ಅಂಕಗಳಲ್ಲಿ ಮುಂದಿರುವುದಕ್ಕೆ ಕರ್ತವ್ಯಪ್ರಜ್ಞೆಯ ಅಂಗವಾದ ಸ್ವಯಂಶಿಸ್ತು ಒಂದು ಕಾರಣವೆಂದು 2006ರಲ್ಲಿ ವಿವರಿಸಿದರು. ಇವು ಗುಂಪಿನ ಸರಾಸರಿಗಳೇ ಹೊರತು ಒಬ್ಬ ವಿದ್ಯಾರ್ಥಿಯ ಸಾಮರ್ಥ್ಯದ ಅಳತೆಯಲ್ಲವೆಂಬುದನ್ನು ಗಮನಿಸಬೇಕು. ವೊಯರ್ ಎಂಬ ಇಬ್ಬರು ಸಂಶೋಧಕರ 2014ರ ವಿಶ್ಲೇಷಣೆಯ ಪ್ರಕಾರ ತರಗತಿಯ ಅಂಕಗಳಲ್ಲಿ ಹುಡುಗಿಯರ ಈ ಮುನ್ನಡೆ ಭಾಷಾ ವಿಷಯಗಳಲ್ಲಿ ಅತಿ ಹೆಚ್ಚು, ಗಣಿತದಲ್ಲಿ ಅತಿ ಕಡಿಮೆ.